ಒಂದು ತಿಂಗಳ ನಂತರದ ಪ್ರಶ್ನೆ

"ಇದ್ರಲ್ಲಿ ಯಾವ್ದಕ್ಕೂ ಗುರುತು ಹಾಕೋಕಾಗಲ್ಲ ನಂಗೆ."

ಆ ಮನುಷ್ಯ ಸಮೀಕ್ಷೆಯ ಹಾಳೆಯನ್ನು ಖಾಲಿಯಾಗಿಯೇ ಹಿಂದಿರುಗಿಸಿದ. ಅವನ ಬೂಟುಗಳಿಗೆ ಹಸಿ ಕೆಸರು ಮೆತ್ತಿಕೊಂಡಿತ್ತು. ತೋಳಿನಡಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಅದರ ಮುಚ್ಚಳದ ಸಂದಿಯಿಂದ ಅಚ್ಚ ಬಿಳಿಯ ರೆಕ್ಕೆಯೊಂದು ಹೊರಗೆ ಜೋತುಬಿದ್ದಿತ್ತು.

ಬಾಗಿಲ ಬಳಿ ಹಾಳೆ ಹಂಚುತ್ತಿದ್ದ ದಾಸೊಲ್‌ಳ ಉಸಿರು ಒಂದು ಕ್ಷಣ ನಿಂತುಹೋಯಿತು. ತನ್ನ ತೋಳಿಗಿಂತ ಉದ್ದದ ರೆಕ್ಕೆ... ಇಷ್ಟು ಹತ್ತಿರದಿಂದ ಅವಳು ಎಂದೂ ನೋಡಿರಲಿಲ್ಲ.

ಆದರೂ ಸಾವರಿಸಿಕೊಂಡು, ಬೆಳಗಿನಿಂದ ಎಲ್ಲರಿಗೂ ಹೇಳಿದ ಮಾತನ್ನೇ ಹೇಳಿದಳು. "ಇದ್ರಲ್ಲಿ ತಪ್ಪು ಉತ್ತರ ಅಂತ ಇಲ್ಲ ಸರ್. ನಿಮಗೆ ಅನ್ನಿಸಿದ್ದಕ್ಕೆ ಗುರುತು ಹಾಕಿ, ಸಾಕು."

"ಬೆಳಿಗ್ಗೆ ಒಂಥರ ಅನ್ಸುತ್ತೆ, ಸಂಜೆ ಇನ್ನೊಂಥರ. ಯಾವ ಹೊತ್ತಿಂದು ಬೇಕು ನಿಮ್ಗೆ?"

ಅವನ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು. ಅದೇ ಅವಳನ್ನು ಹೆಚ್ಚು ಕೆಣಕಿತು. ಉತ್ತರ ಹುಡುಕುವಷ್ಟರಲ್ಲಿ ಅವನು 'ಸಿಬ್ಬಂದಿಗೆ ಮಾತ್ರ' ಎಂದು ಬರೆದಿದ್ದ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಹೋಗಿಬಿಟ್ಟ.

ಟಿಕೆಟ್ ಕಿಟಕಿಯ ಹಿಂದೆ ಕುಳಿತಿದ್ದ ಮಾಲ್‌ಸುನ್ ನಗು ತಡೆಯಲಾರದೆ ಕೆಮ್ಮಿದಳು. ಅರವತ್ತು ದಾಟಿದ ಆಕೆಯನ್ನು ಅಲ್ಲಿ ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಬಂದವನು ಪ್ರೇಕ್ಷಕನಲ್ಲವೆಂದೂ, ಅವನೇ ಗಿ ಉನ್‌ಜೇ ಎಂದೂ, ಸತ್ತ ಹಕ್ಕಿಗಳಿಗೆ ಹತ್ತಿ ತುಂಬಿ ಜೀವಂತವಿದ್ದಂತೆ ಒಳಗೆ ನಿಲ್ಲಿಸಿದವನು ಅವನೆಂದೂ ಆಕೆಯಿಂದ ತಿಳಿಯಿತು.

ಗ್ಯೂಮ್ ನದಿ ಹಳದಿ ಸಮುದ್ರವನ್ನು ಸೇರುವ ಕಡೆ ಇರುವ ಪುಟ್ಟ ಹಕ್ಕಿ ವಸ್ತುಸಂಗ್ರಹಾಲಯವದು. ಬಾನ್ ದಾಸೊಲ್ ಡಿಸೆಂಬರ್ ಮೊದಲ ವಾರ ಸಿಯೋಲ್‌ನಿಂದ ಅಲ್ಲಿಗೆ ಬಂದಿದ್ದಳು. ಮೂವತ್ತಮೂರು ವರ್ಷ, ಅಚ್ಚುಕಟ್ಟಾಗಿ ಕತ್ತರಿಸಿದ ಕೂದಲು, ಎಣಿಸಿ ಆಡುವ ಮಾತು. ಪ್ರೇಕ್ಷಕರು ಪ್ರಕೃತಿಯನ್ನು ತಮಗೆ ಎಷ್ಟು ಹತ್ತಿರವೆಂದು ಭಾವಿಸುತ್ತಾರೆ ಎಂದು ಅಳೆಯುವುದು ಅವಳ ಕೆಲಸ.

ಅವಳ ಹಾಳೆಯಲ್ಲಿ ಏಳು ಚಿತ್ರಗಳಿದ್ದವು. ಪ್ರತಿಯೊಂದರಲ್ಲೂ ಎರಡು ವೃತ್ತ. ಒಂದು 'ನಾನು', ಇನ್ನೊಂದು 'ಪ್ರಕೃತಿ'. ಮೊದಲನೆಯ ಚಿತ್ರದಲ್ಲಿ ಅವು ದೂರ ದೂರ, ಏಳನೆಯದರಲ್ಲಿ ಒಂದರೊಳಗೊಂದು ಬೆರೆತೇ ಹೋಗಿರುತ್ತಿದ್ದವು. ಒಳಗೆ ಹೋಗುವ ಮುಂಚೆ ಒಮ್ಮೆ, ಹೊರಗೆ ಬಂದ ಕೂಡಲೇ ಒಮ್ಮೆ, ತಮಗೆ ಹೊಂದುವ ಚಿತ್ರಕ್ಕೆ ಗುರುತು ಹಾಕಬೇಕು. ಅಷ್ಟೇ.

ಪ್ರಾಂತ್ಯದ ಕಚೇರಿಗೆ ಬೇಕಾಗಿದ್ದ ಉತ್ತರವೂ ಸರಳವಾಗಿತ್ತು. ಈಗಿರುವ ಹಕ್ಕಿಗಳ ಹಜಾರ ಉಳಿಯಬೇಕೇ, ಅಥವಾ ಅದನ್ನು ಮುಚ್ಚಿ ಗೋಡೆ, ನೆಲ, ಚಾವಣಿಗಳ ಮೇಲೆಲ್ಲ ಹಕ್ಕಿಗಳು ಹಾರುವ ದೊಡ್ಡ ಪರದೆಗಳ ಕೋಣೆ ಮಾಡಬೇಕೇ? ಪರೀಕ್ಷೆಗೆಂದು ಅಂಥದೊಂದು ಕೋಣೆಯನ್ನು ಆಗಲೇ ಹಿಂಬದಿಯಲ್ಲಿ ತೆರೆದಿದ್ದರು. ಒಂದು ದಿನ ಬಂದವರು ಹಜಾರ ನೋಡಿದರೆ, ಮರುದಿನ ಬಂದವರು ಆ ಕೋಣೆ ನೋಡುತ್ತಿದ್ದರು.

ಹಜಾರವನ್ನು ದಾಸೊಲ್ ಮೊದಲ ದಿನ ಕೆಲಸದ ಕಣ್ಣಿನಿಂದಷ್ಟೇ ನೋಡಿದ್ದಳು. ಆ ಬಿಳಿ ರೆಕ್ಕೆ ಕಂಡ ಮೇಲೆ ಮತ್ತೊಮ್ಮೆ ಒಳಗೆ ಹೋದಳು.

ಪ್ರತಿ ಹಕ್ಕಿಯ ಕಾಲ ಬಳಿ ಕೈಬರಹದ ಚೀಟಿ. ಹೆಸರು ಒಂದು ಸಾಲು. ಅದರ ಕೆಳಗೆ ಸಿಕ್ಕ ದಿನ, ಸಿಕ್ಕ ಜಾಗ, ಯಾವುದಕ್ಕೆ ಬಡಿದು ಸತ್ತದ್ದು ಎಂಬುದು. 'ನವೆಂಬರ್ ಒಂಬತ್ತು, ಕಟ್ಟೆಯ ಮೂರನೇ ತೂಬಿನ ಬಳಿ, ವಿದ್ಯುತ್ ತಂತಿ.' 'ಏಪ್ರಿಲ್ ಇಪ್ಪತ್ತೆರಡು, ಪ್ರಾಥಮಿಕ ಶಾಲೆಯ ಉತ್ತರದ ಕಿಟಕಿ.'

ಇಲ್ಲಿರುವ ಒಂದು ಹಕ್ಕಿಯನ್ನೂ ಯಾರೂ ಬೇಟೆಯಾಡಿ ತಂದಿರಲಿಲ್ಲ. ಎಲ್ಲವನ್ನೂ ಅವನು ನೆಲದಿಂದ ಎತ್ತಿಕೊಂಡು ಬಂದಿದ್ದ.

ಒಂದು ವಾರದ ನಂತರ ಅವಳು ಏನೋ ನೆಪ ಮಾಡಿಕೊಂಡು ಉನ್‌ಜೇಯ ಕೆಲಸದ ಕೋಣೆಯ ಬಾಗಿಲು ತಟ್ಟಿದಳು. ಅವನು ಹಂಸದ ಕುತ್ತಿಗೆಯ ಗರಿಗಳನ್ನು ಒಂದೊಂದಾಗಿ ಓರಣ ಮಾಡುತ್ತಿದ್ದ. ಕುಳಿತುಕೊಳ್ಳಿ ಎನ್ನಲಿಲ್ಲ, ಕುರ್ಚಿಯ ಮೇಲಿದ್ದ ಹತ್ತಿಯ ಉಂಡೆಗಳನ್ನು ಎತ್ತಿ ಪಕ್ಕಕ್ಕಿಟ್ಟ. ಅವನ ಸ್ವಾಗತ ಅಷ್ಟೇ ಎಂದು ಅವಳಿಗೆ ಆಮೇಲೆ ಅರ್ಥವಾಯಿತು.

ಅಲ್ಲಿಂದ ಅದು ರೂಢಿಯಾಯಿತು. ಮಧ್ಯಾಹ್ನ ಹಕ್ಕಿಗಳ ನಡುವೆ ಇಬ್ಬರೂ ಖಾರದ ಕೋಸಿನ ಕಿಮ್ಚಿ, ಅನ್ನದ ಡಬ್ಬಿ ಬಿಚ್ಚುತ್ತಿದ್ದರು. ಅವನು ನಿಧಾನವಾಗಿ ತನ್ನ ಕಥೆ ಹೇಳಿದ. ಹತ್ತು ವರ್ಷದ ಹಿಂದೆ ಅವನು ಎತ್ತರದ ಕಟ್ಟಡಗಳಿಗೆ ಗಾಜು ಕೂರಿಸುವ ಕೆಲಸದಲ್ಲಿದ್ದನಂತೆ. ಒಂದು ಬೆಳಿಗ್ಗೆ, ಆಗಷ್ಟೇ ಒರೆಸಿ ಮುಗಿಸಿದ ಗಾಜಿಗೆ ಬೂದುಬಣ್ಣದ ಒಂದು ಹಕ್ಕಿ ಬಂದು ಬಡಿಯಿತು. ಅವನ ಅಂಗೈಯಲ್ಲೇ ಅದರ ಎದೆಬಡಿತ ನಿಂತಿತು. ಅಷ್ಟು ಚೊಕ್ಕವಾಗಿ ಒರೆಸದಿದ್ದರೆ ಬದುಕುತ್ತಿತ್ತು ಎಂದು ಅವನಿಗೆ ಇಂದಿಗೂ ಅನ್ನಿಸುತ್ತದಂತೆ. ಆ ವಾರವೇ ಕೆಲಸ ಬಿಟ್ಟ.

ದಾಸೊಲ್ ತನ್ನ ಡಬ್ಬಿ ಮುಚ್ಚಿದಳು. ಆಮೇಲೆ, ಯಾರಿಗೂ ಹೇಳದಿದ್ದ ಮಾತು ಅವಳ ಬಾಯಿಂದ ಬಂತು.

"ನಾನು ಬೆಳೆದಿದ್ದು ಅಂಥ ಗಾಜಿನ ಒಳಗಡೆ. ಹದಿನಾಲ್ಕನೇ ಮಹಡಿ. ಈ ಏಳು ಚಿತ್ರದಲ್ಲಿ ನಾನು ಯಾವಾಗ್ಲೂ ಎರಡನೇದಕ್ಕೇ ಗುರುತು ಹಾಕೋದು. ಬೇರೆಯವ್ರು ಐದು, ಆರು ಅಂತ ಹಾಕ್ತಾರಲ್ಲ... ಅವ್ರಿಗೆ ಏನನ್ಸುತ್ತೆ ಅಂತ ತಿಳ್ಕೊಳ್ಳೋಕೇ ಈ ಕೆಲ್ಸಕ್ಕೆ ಸೇರಿದ್ದು. ಸಾವಿರಾರು ಜನರದ್ದು ಅಳೆದೆ. ನಂಗೆ ಮಾತ್ರ ಏನೂ ಅನ್ಸಲ್ಲ."

ಅವನು ಸಮಾಧಾನ ಹೇಳಲಿಲ್ಲ. ಗೋಡೆಯ ಗಡಿಯಾರ ನೋಡಿ, ನಾಳೆ ಸಂಜೆ ಐದಕ್ಕೆ ದಪ್ಪ ಕೋಟು ಹಾಕಿಕೊಂಡು ಬನ್ನಿ ಎಂದಷ್ಟೇ ಹೇಳಿದ.

ಮರುದಿನ ಜನವರಿಯ ಸಂಜೆ. ನದಿಯ ಕಟ್ಟೆಯ ಮೇಲೆ ಗಾಳಿ ಕೆನ್ನೆ ಕತ್ತರಿಸುವಂತೆ ಬೀಸುತ್ತಿತ್ತು. ಒಣಗಿದ ಜೊಂಡಿನ ಆಚೆ, ನೀರಿನ ನಡುವೆ ಉದ್ದನೆಯ ಕಪ್ಪು ದಿಬ್ಬವೊಂದು ಮಲಗಿತ್ತು. ಅದನ್ನು ದಾಸೊಲ್ ಮರಳಿನ ದಿಣ್ಣೆ ಎಂದುಕೊಂಡಳು.

ಸೂರ್ಯ ಮುಳುಗಿದ. ಆಕಾಶದಲ್ಲಿ ಕಿತ್ತಳೆ ಬಣ್ಣ ಒಂದು ಗೆರೆಯಷ್ಟು ಉಳಿದಿತ್ತು.

ಆಗ ಆ ದಿಬ್ಬ ಎದ್ದಿತು.

ಅವಳು ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಇಟ್ಟಳು. ಮೂರು ಲಕ್ಷ ಗಾಚಾಂಗ್ ಎಂಬ ಪುಟ್ಟ ಕಾಡುಬಾತುಗಳು... ಸೈಬೀರಿಯಾದಿಂದ ಬಂದು ಹಗಲೆಲ್ಲ ನೀರಿನ ಮೇಲೆ ಮಲಗಿದ್ದವು, ಒಂದೇ ಉಸಿರಿಗೆ ಮೇಲೆದ್ದವು. ಆಕಾಶದ ತುಂಬ ಅವು ಹೊಗೆಯಂತೆ ಸುತ್ತಿದವು, ಬಟ್ಟೆ ಹಿಂಡಿದಂತೆ ಕಿರಿದಾದವು, ಮತ್ತೆ ಬಿಚ್ಚಿಕೊಂಡು ನದಿಯ ಈ ದಡದಿಂದ ಆ ದಡದವರೆಗೆ ಹರಡಿದವು. ಒಂದಕ್ಕೊಂದು ತಾಗಲಿಲ್ಲ. ಯಾರೂ ದಾರಿ ಹೇಳುತ್ತಿರಲಿಲ್ಲ.

ಇಡೀ ಗುಂಪು ತಿರುಗಿ ಅವರ ತಲೆಯ ಮೇಲೇ ಬಂತು. ಸದ್ದು ಮೊದಲು ಎದೆಗೆ ಬಡಿಯಿತು, ಆಮೇಲೆ ಕಿವಿಗೆ. ಲಕ್ಷಾಂತರ ರೆಕ್ಕೆಗಳು ದಬ್ಬಿದ ಗಾಳಿ ಅವಳ ಹಣೆಯ ಕೂದಲನ್ನು ಎತ್ತಿ ಹಾರಿಸಿತು.

*ನಾನು ಎಷ್ಟು ಚಿಕ್ಕವಳು... ಚಿಕ್ಕವಳಾಗಿರುವುದು ಇಷ್ಟು ಸುಖವೇ?*

ಹಕ್ಕಿಗಳು ಗದ್ದೆಗಳ ಕಡೆ ಕರಗಿಹೋದ ಮೇಲೂ ಅವಳು ತಲೆ ಎತ್ತಿಯೇ ನಿಂತಿದ್ದಳು. ಕಣ್ಣೀರು ಗಲ್ಲದಿಂದ ಕೋಟಿನ ಕಾಲರಿಗೆ ಇಳಿಯುತ್ತಿತ್ತು. ಉನ್‌ಜೇ ತನ್ನ ಉಣ್ಣೆಯ ಕೈಗವಸು ಬಿಚ್ಚಿ ಕೊಟ್ಟ. ಅವಳು ಅದರಲ್ಲೇ ಮುಖ ಒರೆಸಿಕೊಂಡಳು. ಇಬ್ಬರೂ ಹಿಂದಿರುಗಿದರು. ಕತ್ತಲಾಗುತ್ತಿದ್ದ ಕಟ್ಟೆಯ ಮೇಲೆ ಅವನ ತೋಳು ಅವಳ ತೋಳಿಗೆ ಎರಡು ಸಲ ತಾಗಿತು. ಇಬ್ಬರೂ ಸರಿದುಕೊಳ್ಳಲಿಲ್ಲ.

ಆದರೆ ಅವಳು ಅವನಿಂದ ಒಂದು ವಿಷಯ ಮುಚ್ಚಿಟ್ಟಿದ್ದಳು.

ಮೂರು ದಿನ ಮುಂಚೆಯೇ ಅವಳು ಮೊದಲ ಅಂಕಿಗಳನ್ನು ಸಿಯೋಲ್‌ಗೆ ಕಳಿಸಿಯಾಗಿತ್ತು. ಪರದೆಯ ಕೋಣೆಗೆ ಹೋದವರು ಸರಾಸರಿ ಮೂರನೆಯ ಚಿತ್ರದಿಂದ ಐದನೆಯದಕ್ಕೆ ಜಿಗಿದಿದ್ದರು. ಹಕ್ಕಿಗಳ ಹಜಾರ ನೋಡಿ ಬಂದವರು ಇದ್ದಲ್ಲೇ ಇದ್ದರು. ಸುಳ್ಳಿನ ಅಂಕಿಗಳಲ್ಲ. ಅವಳೇ ಮೂರು ಸಲ ಕೂಡಿ ನೋಡಿದ್ದಳು.

*ಹೇಳಬೇಕು. ನಾಳೆ ಹೇಳುತ್ತೇನೆ.* ಹಾಗೆಂದುಕೊಳ್ಳುತ್ತಲೇ ಎರಡು ವಾರ ಕಳೆಯಿತು.

ಅವಳಿಗಿಂತ ಮುಂಚೆ ಸೂಚನಾ ಫಲಕ ಹೇಳಿತು. 'ಸಂಶೋಧಕಿ ಬಾನ್ ದಾಸೊಲ್ ಅವರ ಅಧ್ಯಯನದ ಆಧಾರದ ಮೇಲೆ ಹಕ್ಕಿಗಳ ಹಜಾರವನ್ನು ಮುಚ್ಚಲು ಪ್ರಸ್ತಾಪಿಸಲಾಗಿದೆ. ಮಾರ್ಚ್‌ನಲ್ಲಿ ಸಮಿತಿಯ ಸಭೆ.' ಕೆಳಗೆ ಅವಳ ಕೋಷ್ಟಕ, ಅವಳ ಸಹಿ, ಸಹಿಯ ಪಕ್ಕ ತಾರೀಖು.

ಉನ್‌ಜೇ ಆ ತಾರೀಖನ್ನೇ ನೋಡುತ್ತ ನಿಂತಿದ್ದ. ಅವಳು ಬಂದದ್ದು ತಿಳಿದರೂ ತಿರುಗಲಿಲ್ಲ.

"ನದಿ ಹತ್ರ ಹೋಗಿದ್ದು ಹದಿನೇಳಕ್ಕೆ," ಎಂದ. "ಇದು ಹದಿನಾಲ್ಕನೇ ತಾರೀಖು."

"ಉನ್‌ಜೇ ಅವ್ರೇ, ನಾನು ಹೇಳ್ಬೇಕು ಅಂತಾನೇ..."

"ಆವತ್ತು ನೀವು ಅತ್ರಲ್ಲ. ಅದಕ್ಕೆ ಎಷ್ಟು ಅಂಕ ಹಾಕೊಂಡ್ರಿ?"

ಅವನು ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಚಿಲಕ ಬಿದ್ದ ಸದ್ದು ಅವಳು ಅಲ್ಲಿ ಕೇಳಿದ್ದು ಅದೇ ಮೊದಲು.

ಸಿಯೋಲ್‌ನ ಅವಳ ಸಂಶೋಧನಾ ತಂಡದ ಮುಖ್ಯಸ್ಥ ಫೋನಿನಲ್ಲಿ ಇನ್ನೊಂದು ಮುಳ್ಳು ಚುಚ್ಚಿದ. ಆ ಮನುಷ್ಯ ಅವಳ ಸ್ನೇಹ ಮಾಡಿದ್ದೇ ವರದಿ ತನ್ನ ಪರವಾಗಿ ಬರಲಿ ಎಂದಿರಬೇಕು, ದೂರ ಇರುವುದು ಒಳ್ಳೆಯದು ಎಂದ. ದಾಸೊಲ್ ಅದನ್ನು ನಂಬಲಿಲ್ಲ. ಆದರೆ ಮೂರು ದಿನ ಆ ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು. *ಅವನು ನನ್ನನ್ನು ನದಿಗೆ ಕರೆದುಕೊಂಡು ಹೋಗಿದ್ದು ಯಾಕೆ? ನಿಜವಾಗಿಯೂ ಯಾಕೆ?*

ನಾಲ್ಕನೆಯ ದಿನ ಚಿಕ್ಕಮ್ಮ ಅವಳನ್ನು ಎಳೆದುಕೊಂಡು ಹೋಗಿ ಬಿಸಿಬಿಸಿ ಕಪ್ಪೆಚಿಪ್ಪಿನ ಸಾರಿನ ಮುಂದೆ ಕೂರಿಸಿದಳು.

"ನಾನು ಓದಿದೋಳಲ್ಲ," ಎಂದಳು ಆಕೆ, ಚಿಪ್ಪು ಬಿಡಿಸುತ್ತಾ. "ಆದ್ರೆ ಇಪ್ಪತ್ತು ವರ್ಷದಿಂದ ಬಾಗ್ಲಲ್ಲಿ ಕೂತಿದೀನಿ. ಪರದೆ ನೋಡಿ ಬಂದೋರು ನಗ್ತಾ ಬರ್ತಾರೆ, ಫೋಟೋ ತೋರಿಸ್ತಾರೆ, ಹೋಗ್ತಾರೆ. ಹಕ್ಕಿ ನೋಡಿ ಬಂದೋರು ಸುಮ್ನೆ ಬರ್ತಾರೆ. ಬಂದು ನನ್ನ ಕೇಳ್ತಾರೆ, ಅಮ್ಮಾ, ಆ ಮೂರನೇ ತೂಬು ಯಾವ ಕಡೆ ಅಂತ. ಅದೂ ಬರ್ಕೊಂಡಿದೀಯೇನೇ ಸಿಯೋಲ್ ಹುಡುಗಿ?"

ದಾಸೊಲ್ ಚಮಚ ಕೆಳಗಿಟ್ಟಳು.

ಬರೆದುಕೊಂಡಿರಲಿಲ್ಲ. ಅವಳು ಕೇಳಿದ್ದು ಹೊರಗೆ ಬಂದ ಕೂಡಲೇ ಏನನ್ನಿಸಿತು ಎಂಬುದನ್ನು ಮಾತ್ರ. ಆಮೇಲೆ ಅವರು ಎಲ್ಲಿಗೆ ಹೋದರು? ಆ ಭಾವನೆ ಮನೆಯವರೆಗೆ ಹೋಯಿತೇ, ಕಾರು ನಿಲ್ಲಿಸಿದ ಜಾಗದಲ್ಲೇ ಆರಿಹೋಯಿತೇ?

ಒಂದು ತಿಂಗಳ ನಂತರ ಮತ್ತೆ ಕೇಳುವುದು ಒಪ್ಪಂದದಲ್ಲಿ ಇರಲಿಲ್ಲ. ಮುಖ್ಯಸ್ಥ ಬೇಡವೆಂದ. ಅದೇ ಹಟವಾದರೆ ಮುಂದಿನ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದೂ ಹೇಳಿದ. ಆದರೆ ಹಾಳೆಯ ಕೊನೆಯಲ್ಲಿ 'ಮತ್ತೆ ಫೋನ್ ಮಾಡಬಹುದು' ಎಂದು ಒಪ್ಪಿ ನಂಬರ್ ಬರೆದವರು ನೂರಾ ತೊಂಬತ್ತು ಮಂದಿ ಇದ್ದರು.

ಅವಳು ಹೊಸವರ್ಷದ ಸೊಲ್ಲಾಲ್ ಹಬ್ಬಕ್ಕೆ ಊರಿಗೆ ಹೋಗಲಿಲ್ಲ. ಫೆಬ್ರವರಿ ಪೂರ್ತಿ, ಬಿಡುವಾದಾಗಲೆಲ್ಲ, ತನ್ನ ಬಾಡಿಗೆ ಕೋಣೆಯ, ಚಳಿಗೆಂದು ಅಡಿಯಿಂದ ಬಿಸಿಮಾಡಿದ ನೆಲದ ಮೇಲೆ ಕುಳಿತು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಅದೇ ಏಳು ಚಿತ್ರಗಳನ್ನು ಕಳಿಸಿ, ಈಗ ಯಾವುದು ಎಂದು ಕೇಳುತ್ತಿದ್ದಳು.

ಕೆಲವರು ಬೈದು ಇಟ್ಟರು. ಕೆಲವರಿಗೆ ವಸ್ತುಸಂಗ್ರಹಾಲಯವೇ ಮರೆತುಹೋಗಿತ್ತು. ನೂರಾ ನಾಲ್ಕು ಮಂದಿ ಉತ್ತರ ಕೊಟ್ಟರು.

ತಕ್ ಎಂಬ ಹೆಸರಿನ ನಗರಸಾರಿಗೆ ಬಸ್ ಚಾಲಕ ಗಂಟಲು ಸರಿಮಾಡಿಕೊಂಡು ನಿಧಾನಕ್ಕೆ ಮಾತಾಡಿದ. "ಅಲ್ಲೊಂದು ಚಿಕ್ಕ ಹಕ್ಕಿ ಇತ್ತು ನೋಡಿ, ಬಸ್ ನಿಲ್ದಾಣದ ಗಾಜಿಗೆ ಬಡಿದು ಸತ್ತಿದ್ದು ಅಂತ ಬರೆದಿತ್ತು. ಮೂವತ್ತು ವರ್ಷದಿಂದ ದಿನಾ ನಲವತ್ತು ನಿಲ್ದಾಣದಲ್ಲಿ ಗಾಡಿ ನಿಲ್ಲಿಸ್ತೀನಿ ನಾನು. ಒಂದ್ಸಲಾನೂ ಮೇಲೆ ನೋಡಿರ್ಲಿಲ್ಲ. ಈಗ ನೋಡ್ತೀನಮ್ಮ. ಮೊನ್ನೆ ಹದಿನೇಳನೇ ನಿಲ್ದಾಣದ ಸೂರಿನಡಿ ಹಳೇ ಗೂಡು ಕಾಣಿಸ್ತು. ನನ್ನ ಹೆಂಡ್ತಿಗೆ ಫೋನ್ ಮಾಡಿ ಹೇಳ್ದೆ. ಅವ್ಳು ನಿಮಗೇನಾಗಿದೆ ಅಂತ ಕೇಳಿದ್ಲು."

ದಾಸೊಲ್ ಬರೆಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ ಕೇಳಿದಳು. ತಂತಿಯ ಆಚೆ, ಮುಖವೇ ನೆನಪಿಲ್ಲದ ಒಬ್ಬ ಮನುಷ್ಯನ ಆಕಾಶ ಒಂದಿಷ್ಟು ದೊಡ್ಡದಾಗಿತ್ತು. ಎಂಥ ಸೋಜಿಗ!

ಅವಳು ಲೆಕ್ಕ ಹಾಕಿದಳು, ಮತ್ತೆ ಮೊದಲಿನಿಂದ ಹಾಕಿದಳು. ಪರದೆಯ ಕೋಣೆಯವರು ಐದರಿಂದ ಮತ್ತೆ ಮೂರಕ್ಕೆ ಇಳಿದಿದ್ದರು. ಹಜಾರದವರು ಮೂರರಿಂದ ನಾಲ್ಕೂಕಾಲಿಗೆ ಏರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ಈ ಒಂದು ತಿಂಗಳಲ್ಲಿ ಒಮ್ಮೆಯಾದರೂ ಹಕ್ಕಿ ನೋಡಲೆಂದೇ ಮನೆಯಿಂದ ಹೊರಟಿದ್ದರು.

ಮಾರ್ಚ್‌ನ ಸಭೆಯಲ್ಲಿ ಅವಳು ಎರಡೂ ಕೋಷ್ಟಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟಳು. ಮೊದಲನೆಯದು ಸುಳ್ಳಲ್ಲ, ಆದರೆ ತಾನು ತಪ್ಪು ಹೊತ್ತಿನಲ್ಲಿ ಕೇಳಿದ್ದೆ ಎಂದಳು. ಎರಡನೆಯದಕ್ಕೆ ಉತ್ತರಿಸಿದವರು ಕಡಿಮೆ, ಆದ್ದರಿಂದ ಅದನ್ನೂ ಎಚ್ಚರಿಕೆಯಿಂದಲೇ ಓದಬೇಕು ಎಂದೂ ಸೇರಿಸಿದಳು. ಸಿಯೋಲ್‌ನಿಂದ ಬಂದಿದ್ದ ಮುಖ್ಯಸ್ಥನ ಮುಖ ಕಪ್ಪಿಟ್ಟಿತು. ಸಮಿತಿಯ ಹಿರಿಯರೊಬ್ಬರು, ಅಷ್ಟು ಅನುಮಾನವಿದ್ದ ಮೇಲೆ ಈ ಅಂಕಿಯನ್ನು ನಮ್ಮ ಮುಂದೆ ಯಾಕೆ ತಂದಿರಿ ಎಂದು ಕೇಳಿದರು.

"ಮುಚ್ಚಿದ್ಮೇಲೆ ಮತ್ತೆ ಅಳೆಯೋಕಾಗಲ್ಲ ಸರ್, ಅದಕ್ಕೆ," ಎಂದಳು ದಾಸೊಲ್.

ಸಮಿತಿ ಹಜಾರವನ್ನು ಮೂರು ವರ್ಷ ಉಳಿಸಿತು. ಪರದೆಗಳಿಗೆ ಹಿಂಬದಿಯ ಕೋಣೆಯೇ ಸಾಕೆಂದಿತು.

ಉನ್‌ಜೇ ಸಭೆಯಲ್ಲಿ ಇರಲಿಲ್ಲ. ಗಾಯಗೊಂಡ ಕ್ರೌಂಚವೊಂದನ್ನು ತರಲು ಆಚೆ ದಡಕ್ಕೆ ಹೋಗಿದ್ದ. ದಾಸೊಲ್ ಅವನಿಗಾಗಿ ಕಾಯಲಿಲ್ಲ. *ಹಜಾರ ಉಳಿಸಿಕೊಟ್ಟು ಕ್ಷಮೆ ಕೊಳ್ಳುವುದು ಬೇಡ.* ಅವಳು ಮಾಡಿದ್ದು ಅಂಕಿಗಳಿಗೆ ನ್ಯಾಯ. ಅವನಿಗೆ ಮಾಡಿದ ಮೋಸ ಹಾಗೇ ಇತ್ತು. ಅವನ ಬಾಗಿಲ ಕೆಳಗಿಂದ ಒಂದು ಚೀಟಿ ತಳ್ಳಿದಳು: 'ಹದಿನಾಲ್ಕಕ್ಕೇ ಹೇಳಬೇಕಿತ್ತು. ನಿಮ್ಮನ್ನು ಕಳೆದುಕೊಳ್ಳುವ ಹೆದರಿಕೆಯಿಂದ ಹೇಳಲಿಲ್ಲ. ಹದಿನೇಳರಂದು ಅತ್ತದ್ದು ನಿಜ.'

ಸಂಜೆಯ ರೈಲಿಗೆ ಅವಳು ಹೊರಟಳು. ಮುಂದಿನ ಕೆಲಸಕ್ಕೆ ಅವಳ ಹೆಸರು ಇರಲಿಲ್ಲ.

ಆಮೇಲೆ ನಡೆದದ್ದನ್ನು ಅವಳು ಬಹಳ ದಿನಗಳ ನಂತರ ಕೇಳಿದಳು. ಉನ್‌ಜೇ ಚೀಟಿ ಹಿಡಿದುಕೊಂಡು ಟಿಕೆಟ್ ಕಿಟಕಿಯ ಮುಂದೆ ಬಂದು ನಿಂತಾಗ ಚಿಕ್ಕಮ್ಮ ಸಭೆಯ ಕಥೆಯನ್ನೆಲ್ಲ ಹೇಳಿ, ಸತ್ತ ಹಕ್ಕಿಗಳಿಗೆ ಗಾಜಿನ ಕಣ್ಣು ಕೂರಿಸುತ್ತಾ, ನಿನಗಿದ್ದ ಕಣ್ಣನ್ನೇ ಕಳೆದುಕೊಂಡೆಯಲ್ಲೋ ಎಂದು ಛೇಡಿಸಿದಳಂತೆ. ಅವನು ನದಿಯ ಕಡೆ ನಡೆದುಬಿಟ್ಟನಂತೆ.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ದಾಸೊಲ್‌ಳ ಫೋನ್ ರಿಂಗಾಯಿತು. ಅವನು ಅವಳಿಗೆ ಫೋನ್ ಮಾಡಿದ್ದು ಅದೇ ಮೊದಲು.

"ಗೊರವ ಹಕ್ಕಿಗಳು ಬರ್ತಾ ಇವೆ," ಎಂದ. ಆಮೇಲೆ ಸೇರಿಸಿದ. "ನಾಳೆ ಬರ್ತೀರಾ?"

ಬೆಳಗಿನ ಮೊದಲ ರೈಲಿಗೆ ಅವಳು ಹೊರಟಳು.

ಸಮುದ್ರ ಹಿಂದೆ ಸರಿದಿತ್ತು. ಕಣ್ಣು ಹಾಯುವಷ್ಟು ದೂರ ಬೂದುಬಣ್ಣದ ಕೆಸರಿನ ಬಯಲು ಎಳೆ ಬಿಸಿಲಿಗೆ ಹೊಳೆಯುತ್ತಿತ್ತು. ಉನ್‌ಜೇ ಅಲ್ಲಿ ನಿಂತಿದ್ದ. ಸೊರಗಿದ್ದ. ಅವಳನ್ನು ಕಂಡು ತಲೆಬಾಗಿಸಿದವನು ಬೇಗ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ದಕ್ಷಿಣದ ಆಕಾಶದಲ್ಲಿ ಒಂದು ಮಸುಕು ಗೆರೆ ಕಂಡಿತು. ಅದು ಹತ್ತಿರವಾಯಿತು, ಚುಕ್ಕೆಗಳಾಯಿತು, ಹಕ್ಕಿಗಳಾಯಿತು. ಉದ್ದ ಕೊಕ್ಕಿನ, ಸಾಧಾರಣ ಕಂದು ಹಕ್ಕಿಗಳು. ಕೆಸರು ಮುಟ್ಟುತ್ತಲೇ ಕೆಲವು ಮುಗ್ಗರಿಸಿದವು. ಒಂದು ರೆಕ್ಕೆ ಮಡಚುವ ಶಕ್ತಿಯೂ ಇಲ್ಲದೆ ಹಾಗೇ ಬಿಟ್ಟುಕೊಂಡು ನಿಂತಿತು.

ನ್ಯೂಜಿಲೆಂಡ್‌ನಿಂದ ಹೊರಟು ಎಂಟೊಂಬತ್ತು ದಿನ ಆಗಿರುತ್ತದೆ ಎಂದು ಅವನು ಮೆಲ್ಲಗೆ ಹೇಳಿದ. ನಡುವೆ ಎಲ್ಲೂ ಇಳಿದಿರುವುದಿಲ್ಲ. ತಿಂದಿರುವುದಿಲ್ಲ, ನೀರು ಕುಡಿದಿರುವುದಿಲ್ಲ. ಹಗಲೂ ಇರುಳೂ ಸಮುದ್ರದ ಮೇಲೆ ಬರೀ ರೆಕ್ಕೆ ಬಡಿಯುತ್ತ ಬಂದಿರುತ್ತವೆ.

ದಾಸೊಲ್‌ಳ ಮೈ ಜುಮ್ಮೆಂದಿತು. ಮುಷ್ಟಿಗಿಂತ ಸ್ವಲ್ಪವೇ ದೊಡ್ಡ ಒಂದು ಎದೆ... ಅದರೊಳಗೆ ಭೂಮಿಯ ಅರ್ಧವನ್ನು ದಾಟುವ ದಾರಿ ಇತ್ತು!

"ಆ ಸಂಜೆ ನದಿಗೆ ಯಾಕೆ ಕರ್ಕೊಂಡು ಹೋಗಿದ್ರಿ?" ಎಂದು ಅವಳು ಕೇಳಿದಳು. ಎರಡು ತಿಂಗಳಿಂದ ಎದೆಯಲ್ಲಿ ಹೊತ್ತಿದ್ದ ಪ್ರಶ್ನೆ.

"ನಿಮಗೆ ಏನೂ ಅನ್ಸಲ್ಲ ಅಂದ್ರಿ. ನಂಬಿಕೆ ಬರ್ಲಿಲ್ಲ ನಂಗೆ. ಮೊದಲನೇ ದಿನ, ಪೆಟ್ಟಿಗೆಯಿಂದ ಆಚೆ ಬಂದಿದ್ದ ರೆಕ್ಕೆ ನೋಡಿ ನೀವು ಉಸಿರು ಬಿಗಿಹಿಡಿದ್ರಿ. ಹಾಗೆ ನೋಡೋರನ್ನ ನಾನು ಕಂಡೇ ಇರ್ಲಿಲ್ಲ." ಅವನು ಕೆಸರನ್ನೇ ನೋಡುತ್ತಿದ್ದ. "ಆಮೇಲೆ ನಾನು ಅಂದಿದ್ದು ಕೆಟ್ಟ ಮಾತು. ಅಳು ನಿಜ ಅಂತ ಗೊತ್ತಿದ್ದೂ ಅಂದೆ. ಮನಸ್ಸಿಗೆ ತುಂಬಾ ನೋವಾಗಿತ್ತು, ಅದಕ್ಕೆ. ಕ್ಷಮಿಸಿ."

"ನಾನೂ ನಿಮ್ಮಿಂದ ಮುಚ್ಚಿಟ್ಟಿದ್ದೆನಲ್ಲ."

"ಹೌದು. ಮುಂದೆ ಮುಚ್ಚಿಡ್ಬೇಡಿ."

'ಮುಂದೆ' ಎಂಬ ಆ ಮಾತು ಇಬ್ಬರ ನಡುವೆ ನಿಂತಿತು. ಅವನ ಕಿವಿ ಕೆಂಪಾಯಿತು.

"ದಾಸೊಲ್ ಅವ್ರೇ. ನಂಗೆ ನೀವು ಬೇಕು. ಇದನ್ನ ಚೆನ್ನಾಗಿ ಹೇಳೋಕೆ ಬರಲ್ಲ."

"ಚೆನ್ನಾಗೇ ಹೇಳಿದ್ರಿ," ಎಂದಳು ಅವಳು. ಅವಳೇ ಕೈ ಚಾಚಿ ಅವನ ಒರಟು ಬೆರಳುಗಳನ್ನು ಹಿಡಿದುಕೊಂಡಳು. ಅವು ತಣ್ಣಗಿದ್ದವು, ನಿಧಾನವಾಗಿ ಬೆಚ್ಚಗಾದವು.

ಗೊರವಗಳು ಒಂದೊಂದಾಗಿ ಕೊಕ್ಕನ್ನು ಬುಡದವರೆಗೆ ಕೆಸರಿಗೆ ಇಳಿಸತೊಡಗಿದವು.

"ಅಷ್ಟು ದೂರ ಬಂದ್ಮೇಲೆ ಮೊದ್ಲು ಏನ್ಮಾಡ್ತವೆ?"

"ಊಟ ಮಾಡ್ತವೆ. ಆಮೇಲೆ ನಿದ್ದೆ."

"ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಮನೇಲಿ ಅನ್ನ ಮಾಡಿಟ್ಟಿದೀನಿ."

"ನಾನು ಬರ್ತೀನಿ ಅಂತ ಅಷ್ಟು ಖಾತ್ರಿ ಇತ್ತಾ?"

"ಇರ್ಲಿಲ್ಲ," ಎಂದ ಉನ್‌ಜೇ. "ಒಂದು ತಿಂಗಳಿಂದ ದಿನಾ ಇಬ್ರಿಗಾಗೋಷ್ಟೇ ಮಾಡ್ತಿದೀನಿ."